ಹೊಗೆಗೆ ಪ್ರಮಾಣಪತ್ರ, ಬ್ರೇಕಿಗೆ ಬರೀ ನಂಬಿಕೆ

ಮಾಗಡಿ ರಸ್ತೆಯಿಂದ ಬ್ಯಾಡರಹಳ್ಳಿಯ ಒಳಬೀದಿಗಳತ್ತ ಹೊರಳಿದರೆ ಮನೆಗಳ ಮುಂದೆ ಹೊದಿಕೆ ಹೊದ್ದು ನಿಂತ ಹಳೆಯ ಕಾರುಗಳು ಕಾಣಸಿಗುತ್ತವೆ. ದಿನನಿತ್ಯದ ಓಡಾಟಕ್ಕೆ ಸ್ಕೂಟರು, ಬಸ್ಸು. ಕಾರು ಹೊರಡುವುದು ಮದುವೆಗೆ, ಆಸ್ಪತ್ರೆಗೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ. ‘ಹೆಚ್ಚು ಓಡಿಲ್ಲ, ಹಾಗಾಗಿ ಚೆನ್ನಾಗಿಯೇ ಇದೆ’ ಎಂಬುದು ಮಾಲೀಕರ ಸಮಾಧಾನ. ಬ್ರೇಕ್ ಆಯಿಲ್‌ನ ಮಟ್ಟಿಗೆ ಇದು ಅಪಾಯಕಾರಿ ಭ್ರಮೆ.

ಹೆಸರಿಗೆ ಆಯಿಲ್ ಆದರೂ ಅದು ಎಣ್ಣೆಯಲ್ಲ. ಸಾಮಾನ್ಯವಾಗಿ ಬಳಕೆಯಲ್ಲಿರುವ ಡಾಟ್ 3, ಡಾಟ್ 4 ದರ್ಜೆಯವು ಗ್ಲೈಕಾಲ್ ಆಧಾರಿತ ದ್ರವಗಳು. ಮಳೆಗಾಲದಲ್ಲಿ ಉಪ್ಪು ನೀರೊಡೆಯುವಂತೆ ಇವು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಕಾರು ಓಡಿದರೂ ನಿಂತರೂ ಈ ಕ್ರಿಯೆ ನಿಲ್ಲದು. ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇ 3.7ರಷ್ಟು ನೀರು ಸೇರಿದಾಗ ನಿಗದಿಯಾಗಿರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155.

ಈ ಅಂಕಿಗಳ ಅರ್ಥ ಊರೊಳಗಿನ ನಿಧಾನಗತಿಯ ಸಂಚಾರದಲ್ಲಿ ತಿಳಿಯದು. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಒತ್ತಿದಾಗ ಚಕ್ರಗಳ ಬಳಿ ತಾಪ ಏರುತ್ತದೆ. ತೇವ ಹಿಡಿದ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ದ್ರವ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಆವಿ ತಾನೇ ಕುಗ್ಗುತ್ತದೆ. ಪೆಡಲು ತಳಮುಟ್ಟುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಕಡಿಮೆ ಗೇರಿನಲ್ಲಿ ಘಾಟಿ ಇಳಿಯಬೇಕೆಂಬ ಹಳೆಯ ಚಾಲಕರ ಬುದ್ಧಿಮಾತಿನ ಹಿಂದೆ ಇರುವುದು ಇದೇ ತಾಪದ ಭಯ.

ಡಬ್ಬಿಯಲ್ಲಿ ಮಟ್ಟ ಇಳಿದಾಗ ಒಂದಿಷ್ಟು ಸುರಿದು ತುಂಬಿಸುವುದು ನಮ್ಮಲ್ಲಿ ರೂಢಿ. ಇದರಿಂದ ಕೊಳವೆಗಳೊಳಗಿನ ನೀರು ಹೋಗುವುದಿಲ್ಲ. ಮಟ್ಟ ಇಳಿಯುವುದು ಬ್ರೇಕ್ ಪ್ಯಾಡ್ ಸವೆದುದರ ಅಥವಾ ಸೋರಿಕೆಯ ಸೂಚನೆಯೂ ಆಗಿರಬಹುದು. ತುಂಬಿಸಿದರೆ ಆ ಸೂಚನೆಯೇ ಮರೆಯಾಗುತ್ತದೆ. ಎಷ್ಟು ಕಿಲೋಮೀಟರ್ ಓಡಿದೆ ಎಂದು ನೋಡದೆ, ಸುಮಾರು ಎರಡು ವರ್ಷಕ್ಕೊಮ್ಮೆ ಹಳೆಯ ದ್ರವವನ್ನು ಪೂರ್ಣವಾಗಿ ಹೊರತೆಗೆದು, ಕೈಪಿಡಿ ಸೂಚಿಸಿದ ದರ್ಜೆಯದನ್ನೇ ಮೊಹರು ಒಡೆಯದ ಡಬ್ಬಿಯಿಂದ ತುಂಬಿಸಬೇಕು. ಕೊಳವೆಯಲ್ಲಿ ಗಾಳಿ ಉಳಿಯಬಾರದಾದ್ದರಿಂದ ಇದು ನುರಿತ ಮೆಕ್ಯಾನಿಕ್‌ನ ಕೆಲಸ. ದ್ರವದ ಖರ್ಚು ಕೆಲವು ನೂರು ರೂಪಾಯಿಗಳಷ್ಟೇ.

ವ್ಯವಸ್ಥೆಯ ಗಮನ ಎಲ್ಲಿದೆ? ಹೊಗೆ ತಪಾಸಣೆಯ ಪ್ರಮಾಣಪತ್ರ ಕಡ್ಡಾಯ. 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಆದರೆ ಬ್ರೇಕ್ ದ್ರವವನ್ನು ಬದಲಿಸಿದ್ದು ಯಾವಾಗ ಎಂದು ಕೇಳುವವರಿಲ್ಲ. ಸಮತಟ್ಟು ನೆಲದಲ್ಲಿ, ತಣ್ಣಗಿರುವ ಬ್ರೇಕ್ ಹಿಡಿಯುತ್ತದೆ ಎಂದ ಮಾತ್ರಕ್ಕೆ ಘಾಟಿಯಲ್ಲೂ ಹಿಡಿಯುತ್ತದೆ ಎನ್ನಲಾಗದು. ದ್ರವದಲ್ಲಿನ ನೀರಿನಂಶ ತೋರಿಸುವ ಪೆನ್ನಿನಾಕಾರದ ಅಗ್ಗದ ಉಪಕರಣಗಳಿವೆ. ನವೀಕರಣದ ವೇಳೆ ಈ ಸರಳ ಪರೀಕ್ಷೆಯನ್ನೂ ಸೇರಿಸಲು ಸಾರಿಗೆ ಇಲಾಖೆಗೆ ಏನು ಕಷ್ಟ?

ಹಳೆಯ ಕಾರುಗಳನ್ನೆಲ್ಲ ಗುಜರಿಗೆ ಹಾಕುವುದೇ ಪರಿಹಾರವೆಂಬ ವಾದ 2021ರ ಗುಜರಿ ನೀತಿಯ ನಂತರ ಬಲವಾಗಿದೆ. ಆದರೆ ಹೊಸ ಕಾರು ಎಲ್ಲರ ಕೈಗೆಟುಕುವಂಥದಲ್ಲ. ನಿರ್ಲಕ್ಷಿಸಿದರೆ ಹೊಸದರಲ್ಲೂ ದ್ರವ ಕೆಡುತ್ತದೆ. ಇಲಾಖೆ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಿಲ್ಲ. ದ್ರವ ಬದಲಿಸಿದ ದಿನಾಂಕವನ್ನು ಬಾನೆಟ್ಟಿನ ಒಳಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸುವ ಕೆಲಸವನ್ನು ಮಾಲೀಕರು ಇಂದೇ ಆರಂಭಿಸಬಹುದು.