ಯಾರ ಕಥೆಗೆ ‘ಹ್ಞೂಂ’ ಅನ್ನಬೇಕು?

ನಮ್ಮ ಕಡೆ ಅಜ್ಜಿ ಕಥೆ ತೆಗೆಯುವ ಮೊದಲೇ ಕರಾರು ಹಾಕುತ್ತಾಳೆ: ‘ನೀ ಹ್ಞೂಂ ಅಂದ್ರ ನಾ ಹೇಳ್ತೀನಿ.’ ಹ್ಞೂಂ ನಿಂತರೆ ಕಥೆಯೂ ನಿಂತಿತು. ಆ ಕಥೆ ಯಾವ ಕುಲದ್ದು ಎಂದು ಕೇಳಿದ ಮೊಮ್ಮಗನನ್ನು ನಾನು ಕಂಡಿಲ್ಲ. ಕುಲ ಕೇಳುವವರು ದೊಡ್ಡವರು. 2022ರ ಶಾಲಾ ಪಠ್ಯಪುಸ್ತಕ ಪರಿಷ್ಕರಣೆಯ ರಂಪಾಟದಲ್ಲಿ ಬಾಗೇವಾಡಿಯ ಬಸವಣ್ಣನವರ ಪಾಠವೂ ತಕರಾರಿಗೆ ಬಿತ್ತು. ಚಿಕ್ಕ ಮಕ್ಕಳ ಕಥೆಗಳ ಮಾತು ಬಂದಾಗಲೂ ಅದೇ ವರಸೆ: ‘ಮೊದಲು ನಮ್ಮವು, ಹೊರಗಿನವು ಆಮೇಲೆ.’

ನಮ್ಮವು ಯಾವುವು? ದುರ್ಗಸಿಂಹ 1031ರಲ್ಲಿ ಕನ್ನಡಕ್ಕೆ ತಂದ ಪಂಚತಂತ್ರ ಅದಕ್ಕೂ ಮೊದಲೇ ಪರ್ಷಿಯಾ ದಾಟಿ, ಎಂಟನೇ ಶತಮಾನದಲ್ಲಿ ಅರಬ್ಬಿಯಲ್ಲಿ ‘ಕಲೀಲ ಮತ್ತು ದಿಮ್ನ’ ಆಗಿತ್ತು. ಬೆಳಗಾವಿಯಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಯ ‘ಹಂಚಿ’, ಹೊನ್ನಗೂದಲಿನ ಹುಡುಗಿ, ಮಣ್ಣಿನ ಮುಖವಾಡ ತೊಟ್ಟು ಮನೆ ಬಿಡುತ್ತಾಳೆ. ಯುರೋಪಿನಲ್ಲಿ ಅವಳ ತಂಗಿ ಸಿಂಡರೆಲ್ಲಾ. ಚೀನಾದಲ್ಲಿ ಒಂಬತ್ತನೇ ಶತಮಾನದಲ್ಲೇ ಬರೆದಿಟ್ಟ ಯೆ ಶಿಯಾನ್ ಅವಳ ಅಕ್ಕ. ಇವರಲ್ಲಿ ಯಾರನ್ನು ಹೊರಗೆ ನಿಲ್ಲಿಸೋಣ?

ಕುಲ ಕೇಳದ ದೊಡ್ಡವರೂ ನಮ್ಮಲ್ಲಿ ಇದ್ದರು. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಗೆಳೆಯರಾಗಿ ಜನಪದ ಹಾಡುಗಳ ಬೆನ್ನು ಹತ್ತಿದರು. 1931ರಲ್ಲಿ ‘ಗರತಿಯ ಹಾಡು’ ಬಂದದ್ದು ಆ ಗೆಳೆತನದಿಂದ. ಬೀಸುವ ಕಲ್ಲಿನ ಮುಂದೆ ಕುಳಿತವಳ ದನಿ ಅವರಿಗೆ ಬೇಕಿತ್ತು, ಅವಳ ಜಾತಿಯಲ್ಲ.

ಊರ ಕಥೆಗಳೇ ಮರೆತುಹೋಗುತ್ತಿವೆ ಎಂಬ ಅಳಲು ಸುಳ್ಳಲ್ಲ. ಆದರೆ ಅವನ್ನು ಚೀನಾದ ಹುಡುಗಿ ಕದ್ದೊಯ್ಯಲಿಲ್ಲ. ಹೇಳುವವರು ಬಾಯಿ ಮುಚ್ಚಿದರು, ಕೇಳುವವರ ಕೈಗೆ ಮೊಬೈಲು ಬಂತು. ಇತ್ತ ‘ವಿಶ್ವದ ಕಥೆ’ ಎಂದು ಬೀಗುವ ಇಂಗ್ಲಿಷ್ ಮೀಡಿಯಂ ಶಾಲೆಗಳೂ ಸ್ನೋವೈಟಿನ ಬಣ್ಣದ ಚಿತ್ರ ತೋರಿಸಿ ಕೈತೊಳೆದುಕೊಳ್ಳುತ್ತವೆ.

ಬೇರೆ ಸಂಸ್ಕೃತಿ ಹುಡುಕಲು ವಿಮಾನ ಹತ್ತಬೇಕಿಲ್ಲ. ಮುದ್ದೇಬಿಹಾಳದ ತಾಂಡಾದಿಂದ ಬರುವ ಹುಡುಗಿಯ ಮನೆಮಾತು ಲಂಬಾಣಿ. ಸಿಂದಗಿಯ ಹುಡುಗನ ಮನೆಯಲ್ಲಿ ಉರ್ದು. ಇಂಡಿಯ ಗಡಿಯಲ್ಲಿ ಮರಾಠಿ. ಮೂವರೂ ಕೂರುವುದು ಕನ್ನಡ ಶಾಲೆಯ ಅದೇ ಚಾಪೆಯ ಮೇಲೆ. ಅವರ ಅಜ್ಜಿಯರ ಕಥೆಗಳು ಮಾತ್ರ ಶಾಲೆಯ ಗೇಟಿನಾಚೆಯೇ ಉಳಿದಿವೆ.

ತಿಂಗಳಿಗೊಂದು ಶನಿವಾರ ಒಬ್ಬ ಅಜ್ಜಿಯನ್ನು ಕರೆಸಿ. ಅವಳು ತನ್ನ ಮಾತಿನಲ್ಲೇ ಹೇಳಲಿ, ಮೊಮ್ಮಗಳು ಕನ್ನಡ ಮಾಡಲಿ, ಮಾಸ್ತರು ಬರೆದಿಟ್ಟುಕೊಳ್ಳಲಿ. ಮುಂದಿನ ವಾರ ಹಂಚಿ, ಅದರ ಮುಂದಿನ ವಾರ ಯೆ ಶಿಯಾನ್. ಇದಕ್ಕೆ ಸಮಿತಿ ಬೇಡ, ಪರಿಷ್ಕರಣೆ ಬೇಡ. ಹ್ಞೂಂ ಅನ್ನಲು ಮಕ್ಕಳು ತಯಾರಾಗಿಯೇ ಕುಳಿತಿದ್ದಾರೆ.