ಕಚೇರಿಗೂ ಒಂದು ಬಸ್ಸಿನ ಟೈಮು ಬೇಕು

ಕಳೆದ ಪೋಷಕರ ಸಭೆಯ ದಿನ ನಡೆದದ್ದು. ಎಲ್ಲರೂ ಎದ್ದು ಹೋದ ಮೇಲೆ ತಂದೆಯೊಬ್ಬರು ಗಡಿಬಿಡಿಯಿಂದ ಬಂದರು. ಮಣಿಪಾಲದ ಕಚೇರಿಯೊಂದರಲ್ಲಿ ಅವರಿಗೆ ಉದ್ಯೋಗ. ಕೈಯಲ್ಲಿದ್ದ ಮೊಬೈಲು ಎರಡು ನಿಮಿಷಕ್ಕೊಮ್ಮೆ ಗುಂಯ್‌ಗುಡುತ್ತಿತ್ತು. “ಮಾಷ್ಟ್ರೇ, ಇವನಿಗೆ ಸಮಯದ ಬೆಲೆಯೇ ಗೊತ್ತಿಲ್ಲ. ನೀವಾದರೂ ಸ್ವಲ್ಪ ಬುದ್ಧಿ ಹೇಳಿ” ಎಂದರು. ಹುಡುಗ ನೆಲ ನೋಡುತ್ತ ನಿಂತಿದ್ದ. “ರಾತ್ರಿ ಅಪ್ಪನ ಹತ್ತಿರ ಕೂತು ಒಂದು ಟೈಂ ಟೇಬಲ್ ಮಾಡು ಮಾರಾಯ” ಎಂದೆ. ಅವನು ಮೆಲ್ಲಗೆ ಹೇಳಿದ: “ಅಪ್ಪ ಬರುವಾಗ ನಾನು ಮಲಗಿರ್ತೇನೆ ಸರ್.”

ತಂದೆ ಮೊಬೈಲನ್ನು ಕಿಸೆಗೆ ಹಾಕಿದರು. ಆಮೇಲೆ ಸ್ವಲ್ಪ ಹೊತ್ತು ಮೂವರಿಗೂ ಮಾತು ಹೊರಡಲಿಲ್ಲ.

ಆ ತಂದೆಯನ್ನು ದೂರುವ ಯೋಗ್ಯತೆ ನನಗಿಲ್ಲ. ನನ್ನ ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ ಕಾಪುವಿನ ದೀಪಸ್ತಂಭ ಹತ್ತಬೇಕೆಂದು ಹಟ ಹಿಡಿದಿದ್ದಳು. 1901ರಲ್ಲಿ ಕಡಲ ತಡಿಯ ಬಂಡೆಯ ಮೇಲೆ ಕಟ್ಟಿದ ಸ್ತಂಭ ಅದು. ತರಗತಿಯಲ್ಲಿ ಮಸೂರದ ಪಾಠ ಮಾಡುವಾಗಲೆಲ್ಲ ನಾನು ಅದರ ಉದಾಹರಣೆ ಕೊಡುವವನು. “ಮುಂದಿನ ವಾರ ಹೋಗೋಣ” ಎಂದೆ. ಆ ವಾರ ಉತ್ತರಪತ್ರಿಕೆಗಳ ಕಟ್ಟು ಬಂತು. ಅದರ ಮುಂದಿನ ವಾರ ವಿಜ್ಞಾನ ವಸ್ತುಪ್ರದರ್ಶನ. ಆಮೇಲೆ ಚುನಾವಣಾ ಡ್ಯೂಟಿ. ಕೊನೆಗೆ ಅವಳು ಶಾಲಾ ಪ್ರವಾಸದಲ್ಲಿ ಹೋಗಿ ಬಂದಳು. “ಅಪ್ಪ, ನಾನು ನೋಡಿ ಆಯ್ತು. ಇನ್ನು ನೀವು ಬರಬೇಕೂಂತ ಇಲ್ಲ” ಎಂದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಬಸ್ಸು ಕಲಿಸಿದ ಪಾಠ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರ್ಕಳ–ಉಡುಪಿ ಬಸ್ಸೇ ಗತಿ. ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ ಎಂದು ಬರುವ ದಾರಿ. ನಮ್ಮ ಕರಾವಳಿಯ ಖಾಸಗಿ ಬಸ್ಸುಗಳ ಟೈಮಿನ ವಿಚಾರ ನಿಮಗೆ ಗೊತ್ತೇ ಇದೆ. ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನೊಡನೆ ಜಗಳ! ಆದ್ದರಿಂದ ಬಸ್ಸು ನಮಗಾಗಿ ಕಾಯುತ್ತಿರಲಿಲ್ಲ. ಐದೂವರೆಯ ಬಸ್ಸು ಹಿಡಿಯಬೇಕಾದವನು ಐದು ಗಂಟೆಯೊಳಗೆ ಹೇಗಾದರೂ ಕೆಲಸ ಮುಗಿಸುತ್ತಿದ್ದ. ಮುಂದೆ ಸ್ಕೂಟರು ಕೊಂಡೆ. ‘ಇನ್ನು ಯಾವಾಗ ಬೇಕಾದರೂ ಹೊರಡಬಹುದು’ ಎಂದು ಖುಷಿಪಟ್ಟೆ. ಆದದ್ದೇನು? ಏಳು ಗಂಟೆಯ ಮೊದಲು ಹೊರಟದ್ದೇ ಇಲ್ಲ. ಕೆಲಸ ಅಷ್ಟೇ ಇತ್ತು, ಅದು ಹಿಡಿಯುವ ಸಮಯ ಮಾತ್ರ ಬೆಳೆದಿತ್ತು.

ಇದನ್ನು ನನಗಿಂತ ಮೊದಲೇ ಕಂಡುಕೊಂಡವರು ಬ್ರಿಟಿಷ್ ಇತಿಹಾಸಕಾರ ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್. 1955ರಲ್ಲಿ ‘ದಿ ಇಕನಾಮಿಸ್ಟ್’ ಪತ್ರಿಕೆಯಲ್ಲಿ ಅವರು ತಮಾಷೆಯಾಗಿ ಬರೆದ ಲೇಖನದ ತಿರುಳು ಇಷ್ಟೆ: ಕೊಟ್ಟ ಸಮಯವನ್ನೆಲ್ಲ ತುಂಬುವಷ್ಟು ಕೆಲಸ ಹಿಗ್ಗುತ್ತದೆ. ಅನಿಲವನ್ನು ಯಾವ ಪಾತ್ರೆಗೆ ಹಾಕಿದರೂ ಅದು ಪಾತ್ರೆಯನ್ನೆಲ್ಲ ತುಂಬುತ್ತದೆ ಎಂದು ಮಕ್ಕಳಿಗೆ ಪಾಠ ಮಾಡುತ್ತೇವಲ್ಲ, ಹಾಗೆ! ಆದ್ದರಿಂದ ಮೊದಲ ಸೂತ್ರ: ಬಸ್ಸಿಲ್ಲದಿದ್ದರೂ ಕಚೇರಿಯಿಂದ ಹೊರಡುವ ಸಮಯವನ್ನು ಬೆಳಗ್ಗೆಯೇ ನಿಶ್ಚಯಿಸಿ. ಅದನ್ನು ಮನೆಯವರಿಗೂ ಹೇಳಿಡಿ.

ಗಂಜಿ ಬೇಯುವ ಲೆಕ್ಕ

ಕುಚ್ಚಲಕ್ಕಿ ಗಂಜಿ ಬೇಯಲು ಹೊತ್ತು ಬೇಕು. ನೀರು ಕುದಿಯುವ ಮೊದಲೇ ಪಾತ್ರೆ ಇಳಿಸಿ, ಬೇರೆ ಪಾತ್ರೆ ಇಟ್ಟು, ಮತ್ತೆ ಇದನ್ನು ಏರಿಸಿದರೆ ಏನಾದೀತು? ಆರಿದ ನೀರನ್ನು ಮತ್ತೆ ಕಾಯಿಸುವುದಕ್ಕೇ ಸೌದೆ ಖರ್ಚು. ಮನಸ್ಸಿನ ಕತೆಯೂ ಹೆಚ್ಚುಕಡಿಮೆ ಹೀಗೆಯೇ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ, ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿದುಬಿಡುತ್ತದೆ ಎಂದು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಫೈಲಿನ ನಡುವೆ ವಾಟ್ಸಾಪ್, ವಾಟ್ಸಾಪಿನ ನಡುವೆ ಫೋನು, ಫೋನಿನ ನಡುವೆ ಚಹಾ. ಸಂಜೆ ನೋಡಿದರೆ ದಣಿವು ಮಾತ್ರ ಪೂರ್ತಿ, ಕೆಲಸ ಅರ್ಧ.

ಎರಡನೆಯ ಸೂತ್ರ: ಬೆಳಗಿನ ಒಂದೂವರೆ ಗಂಟೆಯನ್ನು ದಿನದ ಕಷ್ಟದ ಕೆಲಸಕ್ಕೆ ಮೀಸಲಿಡಿ. ಪತ್ರ, ಮೆಸೇಜುಗಳಿಗೆ ದಿನದಲ್ಲಿ ಎರಡು ಮೂರು ಹೊತ್ತು ಗೊತ್ತುಮಾಡಿ, ಆಗ ಒಟ್ಟಿಗೆ ಉತ್ತರಿಸಿ. ಕೌಂಟರಿನಲ್ಲಿ ಕೂರುವವರಿಗೆ, ಆಸ್ಪತ್ರೆಯ ನರ್ಸುಗಳಿಗೆ ಇದು ಪೂರ್ತಿ ಸಾಧ್ಯವಾಗದು. ಅವರು ಅರ್ಧ ಗಂಟೆಯಷ್ಟಾದರೂ ಉಳಿಸಿಕೊಂಡರೆ ಲಾಭವೇ.

ಬಾಳೆ ಮೊದಲು, ಊಟ ಆಮೇಲೆ

ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಕೃಷ್ಣಮಠದ ಪರ್ಯಾಯ. ಅಷ್ಟಮಠಗಳಲ್ಲಿ ಒಂದು ಮಠ ಇನ್ನೊಂದಕ್ಕೆ ಹೊಣೆ ಒಪ್ಪಿಸುವ ಹೊತ್ತು ನಿಶ್ಚಿತ. ಅದಕ್ಕೆ ತಯಾರಿ ಯಾವಾಗ ಶುರು? ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತ. ಅನ್ನದಾನಕ್ಕೆ ಎಲೆ ಬೇಕಾದರೆ ಗಿಡ ಮೊದಲೇ ನೆಡಬೇಕಲ್ಲ! ಆಮೇಲೆ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳು. ಧಾರ್ಮಿಕ ಮಹತ್ವ ಹಾಗಿರಲಿ, ಕೊನೆಯ ದಿನದಿಂದ ಹಿಂದಕ್ಕೆ ಲೆಕ್ಕ ಹಾಕುವ ಜಾಣತನವನ್ನು ಗಮನಿಸಿ. ಮಾರ್ಚ್ 31ಕ್ಕೆ ಕೊಡಬೇಕಾದ ಲೆಕ್ಕಪತ್ರವನ್ನು ಮಾರ್ಚ್ 28ಕ್ಕೆ ಬಿಚ್ಚುವವರು, ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಚ್ಚುವ ವಿದ್ಯಾರ್ಥಿಗಳು, ಇಬ್ಬರೂ ಬಾಳೆ ನೆಡದೆ ಎಲೆ ಹುಡುಕುವವರೇ.

ಇದರ ಜೊತೆಗೆ ಇನ್ನೊಂದು ಸಣ್ಣ ಅಭ್ಯಾಸ. ಹೊರಡುವ ಹತ್ತು ನಿಮಿಷ ಮೊದಲು ಉಳಿದ ಕೆಲಸ ಯಾವುದು, ನಾಳೆ ಎಷ್ಟು ಹೊತ್ತಿಗೆ ಎತ್ತಿಕೊಳ್ಳುತ್ತೇನೆ ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಮುಗಿಯದ ಕೆಲಸ ಮನಸ್ಸನ್ನು ಕೊರೆಯುತ್ತದೆ. ಆದರೆ ಅದಕ್ಕೊಂದು ಸ್ಪಷ್ಟ ಯೋಜನೆ ಮಾಡಿದರೆ ಕೊರೆತ ಇಳಿಯುತ್ತದೆ ಎಂದು ಮಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ್ದಾರೆ. ಚೀಟಿ ಮೇಜಿನ ಮೇಲಿರಲಿ, ಕೆಲಸ ತಲೆಯಲ್ಲಿ ಕೂತು ಮನೆಗೆ ಬರುವುದು ಬೇಡ.

ಸಮಯದ ಪಿಗ್ಮಿ

“ಸಾರ್, ಮನೆಗೆ ಕೊಡಲು ಸಮಯವೇ ಇಲ್ಲ” ಎನ್ನುವವರಿಗೆ ನಮ್ಮೂರಿನದೇ ಉತ್ತರ ಉಂಟು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಠೇವಣಿ ನೆನಪಿದೆಯೇ? ದಿನಕ್ಕೆ ಎರಡಾಣೆ. ಏಜೆಂಟರು ದಿನಾ ಬಾಗಿಲಿಗೆ ಬರುತ್ತಿದ್ದರು. ‘ಕೈಯಲ್ಲಿ ಹಣ ಉಳಿದಾಗ ಕೊಡುತ್ತೇನೆ’ ಎಂದಿದ್ದರೆ ಬಡವರು ಎಂದಾದರೂ ಉಳಿಸುತ್ತಿದ್ದರೇ? ಮೊತ್ತ ಚಿಕ್ಕದು, ಆದರೆ ದಿನಾ. ಅದೇ ಅದರ ಗುಟ್ಟು.

ಮಕ್ಕಳಿಗೂ ದಿನಕ್ಕೆ ಅರ್ಧ ಗಂಟೆಯ ಪಿಗ್ಮಿ ಕಟ್ಟಿ. ಮೊಬೈಲು ಬೇರೆ ಕೋಣೆಯಲ್ಲಿರಲಿ. ಪಾಠವೇ ಹೇಳಬೇಕೆಂದಿಲ್ಲ, ಒಟ್ಟಿಗೆ ಊಟ ಮಾಡಿದರೂ ಸಾಕು. ದಿನಕ್ಕೆ ಅರ್ಧ ಗಂಟೆಯೆಂದರೆ ವರ್ಷಕ್ಕೆ 180 ಗಂಟೆಗಿಂತ ಹೆಚ್ಚು. ಬೇಸಗೆ ರಜೆಯ ಒಂದು ಪ್ರವಾಸದಲ್ಲಿ ಇದನ್ನು ತುಂಬಿಕೊಡಲಾಗದು.

ಎಲ್ಲ ತಪ್ಪೂ ನೌಕರರದೇ ಎಂದು ನಾನು ಹೇಳುತ್ತಿಲ್ಲ. ಇಬ್ಬರ ಕೆಲಸವನ್ನು ಒಬ್ಬನಿಗೆ ಕೊಟ್ಟರೆ ಯಾವ ಸೂತ್ರವೂ ನಡೆಯದು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿದದ್ದರಿಂದ ಬಂದ ಪಾರ್ಶ್ವವಾಯು, ಹೃದ್ರೋಗಗಳಿಂದ 2016ರಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಮಂದಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಅಂದಾಜು ಮಾಡಿವೆ. ಈ ಅಂಕಣ ಓದುವವರಲ್ಲಿ ಮೇಲಧಿಕಾರಿಗಳಿದ್ದರೆ ಒಂದು ವಿನಂತಿ: ರಾತ್ರಿ ಒಂಬತ್ತಕ್ಕೆ ನೀವು ಮಾಡುವ ಫೋನು ಒಬ್ಬ ನೌಕರನಿಗೆ ಮಾತ್ರವಲ್ಲ, ಅವನ ಪಕ್ಕದಲ್ಲಿ ಊಟಕ್ಕೆ ಕೂತ ಮಗುವಿಗೂ ತಾಗುತ್ತದೆ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಇಂದು ಓದಿನಲ್ಲಿ ಮಾಡಿಕೊಂಡ ಅಭ್ಯಾಸವೇ ನಾಳೆ ನಿಮ್ಮೊಡನೆ ಕಚೇರಿಗೆ ಬರುತ್ತದೆ. ಹೊತ್ತಿಗೆ ಕೂತು, ಹೊತ್ತಿಗೆ ಏಳಲು ಈಗಲೇ ಕಲಿಯಿರಿ.

ನನ್ನ ಮಗಳು ಈಗ ಬೆಂಗಳೂರಿನಲ್ಲಿ ಉದ್ಯೋಗಿ. “ಊರಿಗೆ ಯಾವಾಗ ಬರ್ತೀ ಮಗಾ?” ಎಂದು ಕೇಳಿದರೆ “ಮುಂದಿನ ವಾರ ನೋಡ್ತೇನೆ ಅಪ್ಪ” ಎನ್ನುತ್ತಾಳೆ. ಎಲ್ಲಿ ಕಲಿತಳೆಂದು ನಾನು ಕೇಳುವುದಿಲ್ಲ.

ಕೊನೆಗೆ ಈ ವಾರದ ಮನೆಗೆಲಸ. ಒಂದು ಹಾಳೆಯಲ್ಲಿ ಅಪ್ಪ, ಅಮ್ಮ, ಮಕ್ಕಳು ಎಲ್ಲರೂ ಏಳು ದಿನ ಮನೆಗೆ ಬಂದ ಹೊತ್ತು, ಒಟ್ಟಿಗೆ ಕೂತ ನಿಮಿಷಗಳನ್ನು ಬರೆಯಿರಿ. ಭಾನುವಾರ ಕೂಡಿಸಿ ನೋಡಿ. ಅಂಕ ಕೊಡುವವನು ನಾನಲ್ಲ, ನಿಮ್ಮ ಮನೆಯ ಮಕ್ಕಳು.