ಬೆರಸಬ್ಯಾಡ್ರಿ, ಆರಸ್ರಿ

ಹೋದ ವಾರ ನಮ್ಮ ವೈನಿ ಮನ್ಯಾಗ ಜಗಳ ಮಾಡಿ ಬಂದೀನಿ. ಮುಚ್ಚಿಡೂದೇನದ, ನೀವೆಲ್ಲಾರೂ ಅವ್ವನ ಕಡಿಂದ ಕೇಳೇ ಇರ್ತೀರಿ. "ಒಂದು ತಂಬಿಗಿ ನೀರಿಗೆ ಇಷ್ಟು ರಂಪ ಮಾಡಿದ್ಲು" ಅಂತ ಸುದ್ದಿ ಹಬ್ಬೇದ. ಖರೇನ ಅದ, ತಂಬಿಗಿ ನೀರಿನ ಸಲುವಾಗೇ ಜಗಳ ಆತು. ಯಾಕ ಆತು ಅನ್ನೂದನ್ನ ಇಲ್ಲೆ ಬರೀತೀನಿ. ಓದಿದ ಮ್ಯಾಲೆ ನ್ಯಾಯ ಯಾರ ಕಡೆ ಅದ ಅಂತ ನೀವೇ ಹೇಳ್ರಿ.

ವೈನಿಗೆ ಭಾಳ ವರ್ಷದಿಂದ ಸೈನಸ್ ತ್ರಾಸು. ಯೋಗ ಕ್ಲಾಸಿನ್ಯಾಗ ಜಲನೇತಿ ಕಲಿಸ್ಯಾರ. ಉದ್ದ ಮೂತಿ ಇದ್ದ ಗಿಂಡಿ, ಒಂದು ಮೂಗಿನ ಹೊಳ್ಳಿಗೆ ಹಚ್ಚಿ ತಲಿ ವಾರೆ ಮಾಡಿದ್ರ ನೀರು ಇನ್ನೊಂದು ಹೊಳ್ಳಿಯಿಂದ ಇಳೀತದ. ನಾ ಹೋದಾಗ ವೈನಿ ಅದನ್ನೇ ಮಾಡ್ಲಿಕ್ಕೆ ನಿಂತಿದ್ರು. ಪಾತೇಲಿಯಾಗ ನೀರು ಕಾಸಿದ್ರು. ಭಾಳ ಬಿಸಿ ಆತು ಅಂತ ನಳದ ತಣ್ಣೀರು ಬೆರಸಿದ್ರು. ಬೆರಳು ಅದ್ದಿ ನೋಡಿದ್ರು, ಚಿಟಿಕಿ ಉಪ್ಪು ಹಾಕಿದ್ರು, ಗಿಂಡಿ ಮೂಗಿಗೆ ಹಚ್ಚಿದ್ರು. ನಾ ಕೈ ಹಿಡದೆ. ಅಲ್ಲಿಂದ ಸುರು ಆತು.

ಮೊದಲು ಒಂದು ಮಾತು ಸ್ವಚ್ಛ ಹೇಳಿಬಿಡ್ತೀನಿ. ನನ್ನ ಜಗಳ ಉಪ್ಪುನೀರಿನ ಕೂಡ ಅಲ್ಲ. ದವಾಖಾನ್ಯಾಗ ಸಲೈನ್ ಅಂತಾರಲ್ಲ, ಅದು ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಅಷ್ಟೇ. ನಮ್ಮ ರಕ್ತದ ಹದಕ್ಕ ಹತ್ತಿರ ಇರ್ತದ, ಅದಕ್ಕ ಉರಿಯೂದಿಲ್ಲ. ಸಪ್ಪನ್ನ ನೀರು ಮೂಗಿನ್ಯಾಗ ಹೋದ್ರ ನೆತ್ತಿ ತನಕ ಚುರ್ ಅಂತದ, ಈಜು ಕಲಿತವರಿಗೆ ಗೊತ್ತು. ಡಾಕ್ಟ್ರು ಗಾಯ ತೊಳೀತಾರ, ಆಪರೇಶನ್ ಮಾಡೂ ಮುಂದ ಹೊಟ್ಟಿ ಒಳಗ ತೊಳೀತಾರ, ಸೈನಸ್ ಆಪರೇಶನ್ ಆದವರಿಗೆ ಮನ್ಯಾಗ ಮೂಗು ತೊಳಕೋರಿ ಅಂತ ಅವರೇ ಹೇಳ್ತಾರ. ಅಲರ್ಜಿ ನೆಗಡಿ ಇದ್ದವರಿಗೂ, ಹಳೇ ಸೈನಸ್ ಇದ್ದವರಿಗೂ ಇದರಿಂದ ಆರಾಮ ಅನಸ್ತದ. ಧೂಳು, ಗಟ್ಟಿ ಸಿಂಬಳ ಎಲ್ಲಾ ತೊಳದು ಹೋಗ್ತದ. ವೈನಿ "ನನಗ ಛಲೋ ಅನಸ್ತದ" ಅಂದ್ರ ಅದು ಸುಳ್ಳಲ್ಲ.

ನನ್ನ ಜಗಳ ಆ ಬೆರಸಿದ ತಣ್ಣೀರಿನ ಕೂಡ.

ನಾವು ಕುಡದ ನೀರು ಹೊಟ್ಟಿಗೆ ಹೋಗ್ತದ. ಹೊಟ್ಟ್ಯಾಗ ಆಮ್ಲ ಅದ, ಎಷ್ಟೋ ಹುಳ ಅಲ್ಲೇ ಸಾಯ್ತಾವ. ಮೂಗಿನ ಕಥಿ ಬ್ಯಾರೆ. ಮೂಗಿನ ಮ್ಯಾಲಿನ ಭಾಗದಾಗ ವಾಸನಿ ಹಿಡಿಯೋ ನರ ಅವ, ಅವು ಸೀದಾ ಮಿದುಳಿಗೆ ಹೋಗ್ತಾವ. ನೇಗ್ಲೇರಿಯಾ ಫೌಲೆರಿ ಅನ್ನೋ ಅಮೀಬಾ ಅದೇ ದಾರಿ ಹಿಡೀತದ. ಕುಡದ್ರ ಏನೂ ಮಾಡೂದಿಲ್ಲ, ಮೂಗಿನಾಗ ಏರಿದ್ರ ಮಿದುಳು ತಿಂತದ. ತಲಿನೋವು, ಜ್ವರ, ವಾಂತಿ, ಕುತ್ತಿಗಿ ಬಿಗಿತ ಸುರು ಆದ ಮ್ಯಾಲೆ ಭಾಳ ಮಂದಿ ಒಂದು ವಾರದೊಳಗ ಹೋಗಿಬಿಡ್ತಾರ. ಅಮೆರಿಕದಾಗ 1962ರಿಂದ 2023ರ ತನಕ ಲೆಕ್ಕಕ್ಕ ಸಿಕ್ಕವರು 164 ಮಂದಿ. ಉಳದವರು ನಾಲ್ಕೇ ಮಂದಿ.

"ಅದು ಕೆರಿಯಾಗ ಈಜಿದವರಿಗೆ ಬರ್ತದ, ನಮಗ್ಯಾಕ" ಅಂದ್ರು ವೈನಿ. 2024ರಾಗ ಕೇರಳದಾಗ ತೀರಿಕೊಂಡ ಮಕ್ಕಳ ಸುದ್ದಿ ಅವರೂ ಓದಿದ್ರು. ಅಲ್ಲಿ ಕೆರಿ, ಹಳ್ಳದ ನೀರು ಕಾರಣ ಅಂದಿದ್ರು. 2025ರಾಗ ಅಲ್ಲಿ ಇನ್ನೂ ಹೆಚ್ಚು ಮಂದಿಗೆ ಬಂತು, ಬಾವಿಗೂ ಕ್ಲೋರಿನ್ ಹಾಕ್ಲಿಕ್ಕೆ ಸುರು ಮಾಡಿದ್ರು. ಆದ್ರ 2011ರಾಗ ಅಮೆರಿಕದ ಲೂಸಿಯಾನಾದಾಗ ಇಬ್ಬರು ಸತ್ತರಲ್ಲ, ಅವರು ಕೆರಿಗೆ ಹೋದವರಲ್ಲ. ಇದೇ ನೇತಿ ಗಿಂಡಿ, ಮನಿ ನಳದ ನೀರು. ಊರಿಗೆ ಬರೋ ನೀರು ಪರೀಕ್ಷೆ ಮಾಡಿದ್ರ ಅಮೀಬಾ ಸಿಗಲಿಲ್ಲ, ಅವರ ಮನಿಯೊಳಗಿನ ನೀರಿನ್ಯಾಗ ಸಿಕ್ತು. ಕರಾಚಿಯಾಗೂ ಈಜೇ ಆಡದವರು ಸತ್ತಾರ, ನಮಾಜಿಗೆ ಮುಂಚೆ ಮೂಗಿಗೆ ನೀರು ಏರಿಸಿಕೊಳ್ಳೂವಾಗ ಹೋಗಿರಬೇಕು ಅಂತ ಡಾಕ್ಟ್ರು ಹೇಳ್ಯಾರ.

ಈಗ ನಮ್ಮ ಮನಿ ನೀರು ನೋಡ್ರಿ. ನಮ್ಮ ಕಡೆ ನಳ ದಿನಾ ಬರ್ತದೇನು? ವಾರಕ್ಕೊಮ್ಮೆ ಬಂದ್ರ ಪುಣ್ಯ. ಬಂದ ನೀರು ಸಂಪಿಗೆ, ಸಂಪಿನಿಂದ ಮಾಳಿಗಿ ಮ್ಯಾಲಿನ ಟಾಕಿಗೆ. ದಿನ ಕಳದಂಗ ಕ್ಲೋರಿನ್ ಹಾರಿ ಹೋಗ್ತದ. ಬ್ಯಾಸಗಿ ಬಿಸಲಿಗೆ ಟಾಕಿ ಕಾಯ್ತದ. ಈ ಅಮೀಬಾಕ್ಕ ಬೆಚ್ಚನ್ನ ನೀರಂದ್ರ ಭಾಳ ಪ್ರೀತಿ, 46 ಡಿಗ್ರಿ ತನಕ ಬೆಳೀತದ. ಟಾಕಿ ತೊಳದು ಎಷ್ಟು ತಿಂಗಳಾತು ಅಂತ ಎದಿ ಮ್ಯಾಲೆ ಕೈ ಇಟಗೊಂಡು ಹೇಳ್ರಿ. ನಾನೂ ಹೇಳಲಾರೆ.

"ಫಿಲ್ಟರ್ ನೀರು ಹಾಕ್ತೀನಿ ಬಿಡು" ಅಂದ್ರು. ಸಿಯಾಟಲ್‌ನಾಗ ಒಬ್ಬ ಹೆಣ್ಣುಮಗಳು ಮನಿ ಫಿಲ್ಟರಿನ ನೀರಿಂದಲೇ ಮೂಗು ತೊಳಕೋತಿದ್ರು. ಅವರಿಗೆ ಬಂದದ್ದು ಬ್ಯಾರೆ ಜಾತಿ ಅಮೀಬಾ, ಅದೂ ಮಿದುಳಿಗೇ ಹೋತು, ಅವರು ಉಳೀಲಿಲ್ಲ. ಆ ನೀರೇ ಕಾರಣ ಇರಬೇಕು ಅಂತ ಡಾಕ್ಟ್ರು 2018ರಾಗ ಬರದಾರ. ಫಿಲ್ಟರ್ ನೀರು ಕುಡೀಲಿಕ್ಕೆ ಛಲೋ. ಕುಡಿಯೋ ನೀರು ಬ್ಯಾರೆ, ಹುಳ ಪೂರಾ ಸತ್ತ ನೀರು ಬ್ಯಾರೆ. "ಗೀಝರ್ ನೀರು?" ಅಂದ್ರು. ಗೀಝರ್ ಕುದಸೂದಿಲ್ಲ, ಕಾಸ್ತದ ಅಷ್ಟೇ.

ಕಡೀಕ ಬಂತು ನೋಡ್ರಿ ದೊಡ್ಡ ಮಾತು: "ಇದು ಋಷಿಗಳು ಹೇಳಿದ್ದು, ನೀ ಏನು ಕಲಸ್ತಿ?" ಋಷಿಗಳ ಬಗ್ಗೆ ನನಗೂ ಭಕ್ತಿ ಅದ. ಹಠಯೋಗ ಪ್ರದೀಪಿಕೆದಾಗ ಹೇಳಿದ ನೇತಿ ದಾರದ್ದು, ಮೂಗಿನಾಗ ಹಾಕಿ ಬಾಯಿಂದ ತಗಿಯೂದು. ಈ ಗಿಂಡಿ ಮಾತು ಅಲ್ಲಿ ಇಲ್ಲ. ಇದ್ದಿದ್ರೂ ಅವರು ನಮ್ಮ ಮಾಳಿಗಿ ಟಾಕಿ ನೋಡಿ ಹೇಳಿರ್ಲಿಲ್ಲ.

"ಕೋಟಿಗೊಬ್ಬರಿಗೆ ಆಗೋದಕ್ಕ ಇಷ್ಟು ಅಂಜಸ್ತಿ" ಅಂತ ಅವ್ವ ನಡಕ ಬಂದ್ಲು. ಅವ್ವನ ಮಾತು ತಗದುಹಾಕೂದಿಲ್ಲ. ಭಾಳ ಅಪರೂಪದ ರೋಗ ಇದು. ವೈನಿ ಇಷ್ಟು ದಿನ ಮಾಡ್ಯಾರ, ಏನೂ ಆಗಿಲ್ಲ, ಆಗಲಿಕ್ಕಿಲ್ಲ. ಆದ್ರ ತಕ್ಕಡಿಯಾಗ ಹಾಕಿ ನೋಡ್ರಿ. ಒಂದು ಕಡೆ ಬಂದ್ರ ಔಷಧಕ್ಕ ಬಗ್ಗದ ರೋಗ. ಇನ್ನೊಂದು ಕಡೆ ಐದು ನಿಮಿಷದ ಗ್ಯಾಸು, ಒಂದು ಮುಚ್ಚಳ. ಸಾರಿಗೆ ಒಗ್ಗರಣಿ ಹಾಕಲಿಕ್ಕೂ ಅಷ್ಟೇ ಹೊತ್ತು ಬೇಕು.

ಅದಕ್ಕ ಮಾಡೂದು ಇಷ್ಟೇ. ರಾತ್ರಿ ನೀರು ಇಡ್ರಿ. ತಳಮಳ ಕುದಿ ಬಂದ ಮ್ಯಾಲೆ ಪೂರಾ ಒಂದು ನಿಮಿಷ ಕುದಸ್ರಿ. ಮುಚ್ಚಳ ಮುಚ್ಚಿ ಹಂಗೇ ಆರಲಿಕ್ಕೆ ಬಿಡ್ರಿ. ಅವಸರ ಆತು ಅಂತ ಒಂದು ಹನಿ ತಣ್ಣೀರೂ ಬೆರಸಬ್ಯಾಡ್ರಿ, ಬೆರಸಿದ್ರ ಕುದಸಿದ್ದೆಲ್ಲಾ ಹೊಳ್ಯಾಗ ಹುಣಸಿಹಣ್ಣು ತೊಳದಂಗ. ಮುಂಜಾನೆ ಬೇಕಾದಷ್ಟು ಬೆಚ್ಚಗ ಮಾಡಕೋರಿ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕ ಸ್ವಲ್ಪ ಕಡಿಮಿ ಉಪ್ಪು, ಸಾಧ್ಯ ಆದ್ರ ಅಯೋಡಿನ್ ಇಲ್ಲದ್ದು. ಚಿಟಿಕಿ ಅಡಗಿ ಸೋಡಾ ಹಾಕಿದ್ರ ಇನ್ನೂ ಮೆತ್ತಗ. ಚಿಟಿಕಿ ಉಪ್ಪು ಹಾಕೂ ವೈನಿಗೆ ಮೂಗು ಉರೀತಿತ್ತು, ಕಾರಣ ಉಪ್ಪು ಕಡಿಮಿ ಬಿದ್ದದ್ದು. ಗಿಂಡಿ ದಿನಾ ತೊಳದು ಪೂರಾ ಒಣಗಸ್ರಿ, ಒಬ್ಬರದ್ದು ಇನ್ನೊಬ್ಬರು ತಗೋಬ್ಯಾಡ್ರಿ. ಮೂಗು ಗಟ್ಟಿ ಕಟ್ಟಿದಾಗ, ಕಿವಿ ನೋವು ಇದ್ದಾಗ, ರಕ್ತ ಬರೂವಾಗ ಮಾಡಬ್ಯಾಡ್ರಿ. ಜೋರಾಗಿ ಸೀನಿದ್ರ ನೀರು ಕಿವಿಗೆ ಏರ್ತದ.

ಇನ್ನೊಂದು. ದವಾಖಾನಿಯಿಂದ ಉಳದ ಸಲೈನ್ ಬಾಟಲಿ ತಂದು ಫ್ರಿಜ್ಜಿನ್ಯಾಗ ಇಟ್ಟು ಹದಿನೈದು ದಿನ ಗಾಯ ತೊಳೀತೀರಲ್ಲ, ಅದನ್ನೂ ಬಿಡ್ರಿ. ಅದರಾಗ ಕೆಡದಂಗ ಇಡೋ ಔಷಧ ಏನೂ ಇರೂದಿಲ್ಲ. ಒಡದ ಬಾಟಲಿ ಒಂದು ದಿನಕ್ಕ ಮುಗೀತು, ಆಮ್ಯಾಲೆ ಚೆಲ್ಲಬೇಕು. ಮತ್ತ ಕೆಲವು ಕಡೆ ಸಲೈನ್ ಹುಡಕೋದೇ ತಪ್ಪು. ಎಲಿ ಅಡಕಿ ಸುಣ್ಣ ಕೂಸಿನ ಕಣ್ಣಿಗೆ ಸಿಡೀತು ಅಂದ್ರ ಅಂಗಡಿಗೆ ಓಡಬ್ಯಾಡ್ರಿ, ಆಗಿಂದಾಗ ನಳದ ಕೆಳಗ ಹಿಡದು ಹದಿನೈದು ಇಪ್ಪತ್ತು ನಿಮಿಷ ತೊಳದು, ಆಮ್ಯಾಲೆ ಕಣ್ಣಿನ ಡಾಕ್ಟ್ರ ಕಡೆ ಓಡ್ರಿ. ನಾಯಿ ಕಚ್ಚಿದ್ರ ಸಾಬೂನು ಹಚ್ಚಿ ನಳದ ಕೆಳಗ ಹದಿನೈದು ನಿಮಿಷ, ಆಮ್ಯಾಲೆ ಇಂಜೆಕ್ಷನ್. ಈಳಿಗಿ ತಾಗಿದ ಸಣ್ಣ ಗಾಯಕ್ಕ ಕುಡಿಯೋ ನೀರು ಸಾಕು, ಅರಿಶಿಣ ಕಾಫಿಪುಡಿ ಬ್ಯಾಡ. ಅಲ್ಲೆಲ್ಲಾ ನಳದ ನೀರು ನಡೀತದ, ಮೂಗಿಗೆ ಮಾತ್ರ ನಡಿಯೂದಿಲ್ಲ.

ನನಗ ಖರೆ ಸಿಟ್ಟು ವೈನಿ ಮ್ಯಾಲೆ ಇಲ್ಲ. ಗಿಂಡಿ ಮಾರಿದವರ ಮ್ಯಾಲೆ, ಕಲಿಸಿದವರ ಮ್ಯಾಲೆ. ತಲಿ ಎಷ್ಟು ವಾರೆ ಮಾಡಬೇಕು ಅಂತ ಅರ್ಧ ತಾಸು ಹೇಳ್ತಾರ, "ಉಗುರುಬೆಚ್ಚಗಿನ ನೀರು" ಅಂದು ಸುಮ್ಮನಾಗ್ತಾರ. ಉಗುರುಬೆಚ್ಚಗ ಅಂದ ಕೂಡಲೇ ನಮ್ಮ ಹೆಣ್ಣುಮಕ್ಕಳ ಕೈ ತಾನಾಗೇ ತಣ್ಣೀರಿನ ತಂಬಿಗಿಗೆ ಹೋಗ್ತದ. ಕೂಸಿಗೆ ಎರೀಲಿಕ್ಕೆ, ಕಣಕ ನಾದಲಿಕ್ಕೆ ಜೀವನಾ ಪೂರ್ತಿ ಬೆರಸಿದ ಕೈ ಅದು. "ಕುದಸಿ ಆರಸಿದ ನೀರು" ಅನ್ನಲಿಕ್ಕೆ ಅವರ ಗಂಟೇನು ಹೋಗ್ತದ? ನಿಮ್ಮ ಕ್ಲಾಸಿನ್ಯಾಗ ಮುಂದಿನ ಸಲ ಜಲನೇತಿ ಮಾತು ಬಂದಾಗ ಎದ್ದು ನಿಂತು ಈ ಮೂರು ಮಾತು ಹೇಳಿಸ್ರಿ.

ವೈನಿ ಇನ್ನೂ ನನ್ನ ಕೂಡ ಮಾತಾಡಿಲ್ಲ. ಆದ್ರ ನಿನ್ನೆ ಅವರ ಮನಿಗೆ ಹೋಗಿದ್ದ ಅವ್ವ ಹೇಳಿದ್ಲು, ರಾತ್ರಿ ಕಟ್ಟಿ ಮ್ಯಾಲೆ ಒಂದು ಪಾತೇಲಿ ಮುಚ್ಚಿ ಇಟ್ಟಿತ್ತಂತ. ಏನು ಅಂತ ಕೇಳಿದ್ರ "ನೀರು ಆರಲಿಕ್ಕೆ ಇಟ್ಟೀನಿ" ಅಂದ್ರಂತ. ನನಗ ಅಷ್ಟು ಸಾಕು.